ಅತ್ತೆಯ ಶಾಲಿಗೆ ಬ್ಲೀಚ್ ಹಾಕಿದ ಮೇಲೆ

ಹುಣಸೂರಿನ ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಪಾಠ ಮಾಡುತ್ತೇನೆ. ಹೋದ ಚಳಿಗಾಲದಲ್ಲಿ ಅತ್ತೆಯ ಬಿಳಿ ಶಾಲನ್ನು ಹಾಳು ಮಾಡಿದವಳೂ ನಾನೇ. ನವಿರಾದ ಉಣ್ಣೆಯ ಶಾಲು; ಅಂಚಿನ ಹತ್ತಿರ ಕಾಫಿ ಚೆಲ್ಲಿ ಕಲೆಯಾಗಿತ್ತು. ಅತ್ತೆ ಮಿರ್ಲೆಯಲ್ಲಿರುವ ತಂಗಿಯ ಮನೆಗೆ ಹೋಗಿದ್ದರು. ಬರುವಷ್ಟರಲ್ಲಿ ಬೆಳ್ಳಗೆ ಮಾಡಿಡೋಣವೆಂದು ಆ ಅಂಚನ್ನು ಬ್ಲೀಚಿನಲ್ಲಿ ಅದ್ದಿಟ್ಟೆ. ಅಡುಗೆ ಮುಗಿಸಿ ಬಂದು ನೋಡಿದರೆ ಕಲೆ ಇರಲಿಲ್ಲ. ಕಲೆಯಿದ್ದ ಜಾಗವೂ ಇರಲಿಲ್ಲ. ಸುತ್ತಲಿನ ನೂಲು ಹಳದಿಯಾಗಿ, ಗಂಜಿಯಂತೆ ಬೆರಳಿಗೆ ಅಂಟಿತು.

ಪೇಟೆಯಲ್ಲಿ ಬಟ್ಟೆಗೆ ಬಣ್ಣ ಹಾಕುವ ಮುದುಕರೊಬ್ಬರಿದ್ದಾರೆ. ಎಲ್ಲರೂ ಅವರನ್ನು ಚಾಚಾ ಎನ್ನುತ್ತಾರೆ. ನಾಚಿಕೊಂಡೇ ಶಾಲು ತೋರಿಸಿದೆ.

"ಹತ್ತಿ ಅಂದ್ಕೊಂಡ್ರಾ ಮೇಡಂ? ಇದು ಕೂದ್ಲು ಕಣ್ರೀ. ಬ್ಲೀಚ್ ಹಾಕಿದ್ರೆ ಕರಗ್ದೆ ಇನ್ನೇನಾಯ್ತದೆ?"

ಉಣ್ಣೆ ಪ್ರೋಟೀನು ಎಂದು ವರ್ಷ ವರ್ಷವೂ ಬೋರ್ಡಿನ ಮೇಲೆ ಬರೆಯುವವಳು ನಾನು!

ಅವರು ಕೆಟ್ಟ ಅಂಚನ್ನು ಕತ್ತರಿಸಿ, ಉಳಿದ ಹಳದಿ ಮರೆಯಾಗಲೆಂದು ಬಿಸಿ ಬಣ್ಣದ ನೀರಿಗೆ ಒಂದಿಷ್ಟು ವಿನೆಗರ್ ಸುರಿದು ಶಾಲನ್ನು ಮುಳುಗಿಸಿದರು. ಹುಳಿಗೆ ಉಣ್ಣೆ ಹೆದರುವುದಿಲ್ಲವಂತೆ. ಮೇಲೆತ್ತಿದಾಗ ಶಾಲೆಲ್ಲ ಮೆರೂನ್. ಕತ್ತರಿಸಿದ ಕಡೆ ಮಾತ್ರ ಬೆರಳಗಲದ ಪಟ್ಟಿಯೊಂದು ಇನ್ನೂ ಗಾಢವಾಗಿತ್ತು.

"ಬ್ಲೀಚ್ ತಾಗಿದ್ದು ಬಣ್ಣ ಜಾಸ್ತಿ ಕುಡೀತದೆ. ಯಾಕೆ ಅಂತ ನಂಗೊತ್ತಿಲ್ಲ, ನೀವೇ ನೋಡಿ ಯೋಳಿ," ಎಂದರು ಚಾಚಾ.

ಮಾರನೆಯ ದಿನ ಎರಡೂ ಕಡೆಯ ಎಳೆಗಳನ್ನು ಶಾಲೆಯ ಸೂಕ್ಷ್ಮದರ್ಶಕದಡಿ ಇಟ್ಟೆ. ಬ್ಲೀಚ್ ತಾಗದ ಎಳೆಯ ಮೈಮೇಲೆ ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಹುರುಪೆಗಳು. ತಾಗಿದ ಎಳೆಯಲ್ಲಿ ಅವುಗಳ ಅಂಚು ಸವೆದುಹೋಗಿತ್ತು. ಹೊದಿಕೆ ಸಡಿಲವಾದದ್ದಕ್ಕೇ ಬಣ್ಣ ಸಲೀಸಾಗಿ ಒಳಗಿಳಿದಿರಬೇಕು. ಸುಮ್ಮನಿರಲಾಗದೆ ಎರಡನ್ನೂ ಬಿಸಿ ಸೋಪುನೀರಿನಲ್ಲಿ ಬೇರೆ ಬೇರೆ ಉಜ್ಜಿದೆ. ಮೊದಲಿನವು ಹುರುಪೆಗೆ ಹುರುಪೆ ಸಿಕ್ಕಿಕೊಂಡು ಗಂಟಾದವು. ಬ್ಲೀಚ್ ತಾಗಿದವು ಗಂಟಾಗಲಿಲ್ಲ, ಆದರೆ ಎಳೆದ ಕೂಡಲೇ ತುಂಡಾದವು. ಮೆಷಿನ್ನಿನಲ್ಲಿ ಒಗೆದರೂ ಕುಗ್ಗದ ಸ್ವೆಟರುಗಳ ಉಣ್ಣೆಗೆ ಕಾರ್ಖಾನೆಯಲ್ಲಿ ಹದವಾಗಿ ಕ್ಲೋರಿನ್ ತಾಗಿಸುತ್ತಾರೆಂದು ಓದಿದ್ದೆ. ಆ ಹದ ಎಷ್ಟು ನಾಜೂಕಿನದೆಂದು ಅವತ್ತು ಗೊತ್ತಾಯಿತು.

ಊರಿಂದ ಬಂದ ಅತ್ತೆಗೆ ಎಲ್ಲವನ್ನೂ ಹೇಳಿಬಿಟ್ಟೆ. ಅವರು ಶಾಲನ್ನು ಬೆಳಕಿಗೆ ಹಿಡಿದು ನೋಡಿದರು.

"ಓಗ್ಲಿ ಬುಡವ್ವ, ಬಿಳೀದು ಬೇಗ ಕೊಳೆಯಾಯ್ತಿತ್ತು. ಆ ಎಂಚಿನಂಗಿರೋದ ನಂಗೂ ಒಂದಪ ತೋರ್ಸು."

ಶನಿವಾರ ಶಾಲೆಗೆ ಕರೆದೊಯ್ದೆ. ಒಂದು ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ನೋಡಿದರು. ಈಗಲೂ ಆ ಶಾಲನ್ನೇ ಹೊದೆಯುತ್ತಾರೆ. ಒಗೆಯಲು ಮಾತ್ರ ನನ್ನ ಕೈಗೆ ಕೊಡುವುದಿಲ್ಲ.