ನಳ ಕಡಿಸಿಕೊಂಡವನ ಸ್ವಾತಂತ್ರ್ಯ

ಬೆಳಿಗ್ಗೆ ಪತ್ರಿಕೆ ಓದಿ ಮಡಿಸಿಟ್ಟ ಮೇಲೆ ಸ್ವಲ್ಪ ಹೊತ್ತು ನನಗೆ ಯಾರ ಮುಖ ನೋಡುವುದೂ ಬೇಡವಾಗುತ್ತದೆ. ಮೊದಲ ಪುಟದಲ್ಲಿ ಒಬ್ಬರು ಇನ್ನೊಬ್ಬರನ್ನು ಬೈದಿರುತ್ತಾರೆ, ಎರಡನೆಯ ಪುಟದಲ್ಲಿ ಆ ಇನ್ನೊಬ್ಬರು ಮರಳಿ ಬೈದಿರುತ್ತಾರೆ. ನಡುವೆ ಇಬ್ಬರೂ ನಗುತ್ತಿರುವ ಸರಕಾರಿ ಜಾಹೀರಾತು, ಅದರ ಖರ್ಚು ನನ್ನ ತೆರಿಗೆಯದು. ತಂಬಾಕು ಬಿಟ್ಟವರನ್ನು ಕಂಡಿದ್ದೇನೆ, ಪತ್ರಿಕೆ ಬಿಟ್ಟವರನ್ನು ಬೆಟಗೇರಿಯ ನಮ್ಮ ಓಣಿಯಲ್ಲಂತೂ ಕಂಡಿಲ್ಲ. ನಾನೂ ಬಿಡುವುದಿಲ್ಲ. ಓದುತ್ತೇನೆ, ಮನಸ್ಸು ಕೆಡಿಸಿಕೊಳ್ಳುತ್ತೇನೆ, ಸ್ನಾನಕ್ಕೆ ಹೋಗುತ್ತೇನೆ.

ನನ್ನ ರಾಜಕೀಯ ಬಹಳ ಸಣ್ಣದು. ನನ್ನನ್ನು ನನ್ನ ಪಾಡಿಗೆ ಬಿಡಿ, ನಿಮ್ಮನ್ನು ನಿಮ್ಮ ಪಾಡಿಗೆ ಬಿಡುತ್ತೇನೆ; ಯಾರ ಮೇಲೂ ಯಾರ ದರ್ಬಾರೂ ಬೇಡ. ಇದಕ್ಕೆ ಲಿಬರ್ಟೇರಿಯನ್ ಎಂಬ ಉದ್ದನೆಯ ಹೆಸರಿದೆ ಎಂದು ಕಾಲೇಜಿನಲ್ಲಿ ಪಾಠ ಹೇಳುವ ನನ್ನ ಭಾವಮೈದುನ ತಿಳಿಸಿದಾಗ ಬಹಳ ಹಿಗ್ಗಿದೆ. ಅಲ್ಲಿಯವರೆಗೆ ಮನೆಯಲ್ಲಿ ಇದನ್ನು ಹಟಮಾರಿತನ ಎನ್ನುತ್ತಿದ್ದರು. ಈ ಸಿದ್ಧಾಂತ ನನಗೆ ಪುಸ್ತಕದಿಂದ ಬಂದದ್ದಲ್ಲ, ಗದಗಿನ ಮಾರುಕಟ್ಟೆಯಿಂದ ಬಂದದ್ದು. ನನ್ನದು ಉಳ್ಳಾಗಡ್ಡಿಯ, ಅಂದರೆ ಈರುಳ್ಳಿಯ, ದಲಾಲಿ ಅಂಗಡಿ. ಯಳವತ್ತಿಯ ರೈತ ಚೀಲ ಇಳಿಸಿರುತ್ತಾನೆ, ಖರೀದಿದಾರ ಬೆಲೆ ಕೂಗಿರುತ್ತಾನೆ, ಇಬ್ಬರೂ ಒಪ್ಪಿ ಚಹಾಕ್ಕೆ ಹೇಳಿರುತ್ತಾರೆ. ಅಷ್ಟರಲ್ಲಿ ರಫ್ತು ಬಂದ್ ಎಂಬ ಸುದ್ದಿ ದಿಲ್ಲಿಯಿಂದ ಬರುತ್ತದೆ. ಚಹಾ ಬರುವಷ್ಟರಲ್ಲಿ ಖರೀದಿದಾರ ಇರುವುದಿಲ್ಲ. ಹೀಗಾಗಿ ಸರಕಾರ ನನಗೆ ಬೀಗರಿದ್ದ ಹಾಗೆ. ಇದ್ದಾರೆ ಎಂಬುದು ಗೊತ್ತಿದ್ದರೆ ಸಾಕು, ಮನೆಗೆ ಬಂದು ಅಡುಗೆಮನೆ ನೋಡುವುದು ಬೇಡ.

ಆದರೆ ನಮ್ಮ ಊರಲ್ಲಿ ಸರಕಾರ ಅಡುಗೆಮನೆಗೆ ಬರದೆ ಒಲೆ ಹೊತ್ತುವುದಿಲ್ಲ, ಏಕೆಂದರೆ ನೀರು ಅದರ ಕೈಯಲ್ಲಿದೆ. ನಳಕ್ಕೆ ಬರುವುದು ತುಂಗಭದ್ರೆಯ ಸಿಹಿ ನೀರು. ವಾರಕ್ಕೆ ಬರುತ್ತದೋ ಎರಡು ವಾರಕ್ಕೋ, ಅದು ವಾಲ್ವ್ ತಿರುಗಿಸುವವನಿಗೂ ದೇವರಿಗೂ ಮಾತ್ರ ಗೊತ್ತು. ಬಂತೆಂದರೆ ಓಣಿಗೆ ಓಣಿಯೇ ಎದ್ದು ನಿಲ್ಲುತ್ತದೆ. ಮೊದಲು ಕಂಡವರು "ನೀರು ಬಂದಾವ್ರೀ!" ಎಂದು ಕೂಗಿ ಮನೆಮನೆಯ ಬಾಗಿಲು ಬಡಿಯಬೇಕು. ಮಾತು ಬಿಟ್ಟವರ ಬಾಗಿಲನ್ನೂ ಬಡಿಯಬೇಕು. ಮಾತಾಡದೆ ಬಡಿದರೆ ಆಯಿತು. ಬೀಗ ಹಾಕಿದ ಮನೆಯ ನೀರಿನ ಹೌದಿಗೂ ಯಾರಾದರೂ ಪೈಪು ಇಳಿಬಿಡಬೇಕು.

ಲಕ್ಷ್ಮೇಶ್ವರದಲ್ಲಿ ನನ್ನ ತಮ್ಮನ ಮಗನ ನಿಶ್ಚಿತಾರ್ಥ ನಡೆದಿತ್ತು. ಎಲೆಗೆ ಹೋಳಿಗೆ ಬಂದಿತ್ತು, ತುಪ್ಪದ ಪಾತ್ರೆ ನನ್ನಿಂದ ನಾಲ್ಕೈದು ಎಲೆ ಆಚೆ ಇತ್ತು. ಆಗ ಓಣಿಯಿಂದ ಫೋನು: ನೀರು ಬಂದಾವ. ಬೆಟಗೇರಿಯಿಂದ ಹೋದವರೆಲ್ಲ ಎಲೆ ಬಿಟ್ಟು ಎದ್ದರು. ಹೆಣ್ಣಿನ ಕಡೆಯವರು ನಮ್ಮಲ್ಲಿ ಯಾರೋ ಸತ್ತರೆಂದು ತಿಳಿದು ಕೈ ತೊಳೆಯಲು ನೀರು ತಂದುಕೊಟ್ಟರು. ತುಪ್ಪ ಬೀಳದ ಆ ಹೋಳಿಗೆ ಬಸ್ಸಿನುದ್ದಕ್ಕೂ ನನ್ನ ಕಣ್ಣ ಮುಂದಿತ್ತು. ಸ್ವತಂತ್ರ ಮನುಷ್ಯ ಹೋಳಿಗೆಯನ್ನಾದರೂ ಪೂರ್ತಿ ತಿನ್ನಬೇಕು ಎಂದು ಅಂದೇ ಸಂಕಲ್ಪ ಮಾಡಿದೆ. ಮರುತಿಂಗಳು ಹಿತ್ತಿಲಲ್ಲಿ ಬೋರು ಕೊರೆಸಿದೆ. ನೀರು ಬಿತ್ತು. ಬೋರು ಕೊರೆಸಿದವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ, ಅವರೆಲ್ಲ ನಳವನ್ನೂ ಇಟ್ಟುಕೊಂಡಿದ್ದಾರೆ. ನಾನು ಮಾತ್ರ ಸಿದ್ಧಾಂತದವನಾದ್ದರಿಂದ ನಳ ಕಡಿಸಿ ಹಾಕಲು ನೀರಿನ ಆಫೀಸಿಗೆ ಹೋದೆ.

ಅಲ್ಲಿಯ ಗುಮಾಸ್ತ ಕನ್ನಡಕ ತೆಗೆದು ನನ್ನನ್ನೇ ನೋಡಿದ. "ಸಾಹುಕಾರ್ರ, ಇಲ್ಲೆ ಎಲ್ಲಾರೂ ನಳಾ ಕೊಡ್ರಿ ಅಂತ ಬರ್ತಾರ. ಬ್ಯಾಡ ಅಂತ ಬಂದಾವ್ರು ನೀವ ಮೊದಲಿಗ್ರು. ಮನ್ಯಾಗ ಕೇಳೀರಿಲ್ಲೋ?"

"ಮನ್ಯಾಗ ಏನ ಕೇಳೂದೈತಿ? ನಳಾ ನನ್ನ ಹೆಸರಿಲೆ ಐತಿ," ಎಂದೆ.

"ಆತ್ ಬಿಡ್ರಿ," ಎಂದು ಅವನು ಕನ್ನಡಕ ಹಾಕಿಕೊಂಡ.

ಅಲ್ಲಿಂದ ಮುಂದೆ ನನ್ನ ಭಾಷಣಗಳಿಗೆ ಹೊಸ ಕಳೆ ಬಂತು. ಚಹಾದಂಗಡಿಯಲ್ಲಿ ಪತ್ರಿಕೆ ಹಿಡಿದು ಲಕ್ಕುಂಡಿಯ ಬಾವಿಗಳಿಂದಲೇ ಆರಂಭಿಸುತ್ತಿದ್ದೆ. ಅಷ್ಟೊಂದು ಬಾವಿಗಳನ್ನು ಯಾವ ನೀರಿನ ಇಲಾಖೆ ಕಟ್ಟಿಸಿತು? ಹಳೆಯ ಶಾಸನಗಳನ್ನು ನೋಡಿ: ಸೆಟ್ಟಿಗಳು ಕೊಟ್ಟಿದ್ದಾರೆ, ಹೆಣ್ಣುಮಕ್ಕಳು ಕೊಟ್ಟಿದ್ದಾರೆ, ಊರ ಮಹಾಜನರು ಉಸ್ತುವಾರಿ ಹೊತ್ತಿದ್ದಾರೆ. ಕೊನೆಗೆ, ಈ ಧರ್ಮ ಕೆಡಿಸಿದವನಿಗೆ ಕಾಶಿಯಲ್ಲಿ ಗೋವು ಕೊಂದ ಪಾಪ ಬರಲಿ ಎಂದು ಒಂದು ಶಾಪ. ಅಷ್ಟರಿಂದಲೇ ಕೆಲಸ ನಡೆಯುತ್ತಿತ್ತು, ಇನ್‌ಸ್ಪೆಕ್ಟರ್ ಬೇಕಿರಲಿಲ್ಲ. ಯಾರಾದರೂ ನಡುವೆ ಬಾಯಿ ಹಾಕಿ, ಬೋರಿನದು ಸವಳು ನೀರು, ಅದರಲ್ಲಿ ಬೇಳೆ ಬೇಯುವುದಿಲ್ಲವಲ್ಲ ಎಂದರೆ ನನಗೆ ನಗು. ನಮ್ಮ ಮನೆಯ ತೊಗರಿಬೇಳೆ ಬೆಣ್ಣೆಯ ಹಾಗೆ ಬೇಯುತ್ತಿತ್ತು. "ಎಲ್ಲಾ ಅಂಜಿಸಾಕ ಹಬ್ಬಿಸಿದ ಸುದ್ದಿ," ಎನ್ನುತ್ತಿದ್ದೆ. ಪತ್ರಿಕೆಯ ಸುದ್ದಿಗಳನ್ನು ನಂಬದವನಿಗೆ ಇದು ಸುಲಭವಾಗಿ ಬರುವ ಮಾತು.

ಬಲಗಡೆಯ ಗೋಡೆಯ ಆಚೆ ಪಾರಕ್ಕನ ಮನೆ. ಗಂಡ ಹೋಗಿ ಬಹಳ ವರ್ಷವಾಗಿತ್ತು, ಮಗ ಮುಂಡರಗಿಯಲ್ಲಿ ಅಂಗಡಿ ಇಟ್ಟಿದ್ದ. ಅವಳಿಗೂ ನನ್ನ ಹೆಂಡತಿ ಶಾಂತಾಳಿಗೂ ಇದ್ದ ಸ್ನೇಹವನ್ನು ಹೇಗೆ ಹೇಳಲಿ? ಆ ಗೋಡೆಯ ಮೇಲೆ ಇಬ್ಬರ ಮೊಣಕೈಯೂ ಊರಿ ಊರಿ ಸುಣ್ಣ ನಿಲ್ಲುತ್ತಿರಲಿಲ್ಲ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದಾಗ ಇಬ್ಬರೂ ಮೊದಲ ವಾರವೇ ಶಿರಹಟ್ಟಿಗೆ ಹೊರಟು ನಿಂತರು. ಪುಕ್ಕಟೆ ಎಂಬುದು ಜಗತ್ತಿನಲ್ಲಿ ಇಲ್ಲ, ಯಾರದೋ ಕಿಸೆಯಿಂದ ಹೋಗುತ್ತದೆ ಎಂದು ನಾನು ಬಾಗಿಲಲ್ಲೇ ಉಪನ್ಯಾಸ ಮಾಡಿದೆ. ಪಾರಕ್ಕ ಸೆರಗು ಸರಿಮಾಡಿಕೊಳ್ಳುತ್ತ, "ಹೌದ್ರೀ ಅಣ್ಣಾರ, ನಿಮ್ಮ ಕಿಸೇದಿಂದ ಅಂದಮ್ಯಾಲೆ ನಾವ ಅಲ್ಲದ ಮತ್ಯಾರು ಹೋಗಬೇಕು?" ಎಂದಳು. ಸಂಜೆ ನನಗೆಂದು ಮಿರ್ಚಿ ಕಟ್ಟಿಸಿಕೊಂಡು ಬಂದಿದ್ದರು. ತಿಂದೆ.

ಶ್ರಾವಣ ಮುಗಿಯುವಾಗ ಪಾರಕ್ಕ ಸತ್ತುಹೋದಳು. ಜ್ವರವಿಲ್ಲ, ಕೆಮ್ಮಿಲ್ಲ. ಮಧ್ಯಾಹ್ನ ಉಂಡು ಅಡ್ಡಾದವಳು ಏಳಲಿಲ್ಲ. ಮಗ ಬಂದು ಕ್ರಿಯಾಕರ್ಮವನ್ನೆಲ್ಲ ಅಚ್ಚುಕಟ್ಟಾಗಿ ಮುಗಿಸಿ, ನಳದ ಬಾಯಿ ಬಂದ್ ಮಾಡಿ, ಬೀಗ ಹಾಕಿಕೊಂಡು ಹೋದ. ಶಾಂತಾ ಜನರ ಮುಂದೆ ಹೆಚ್ಚು ಅಳಲಿಲ್ಲ. ಕೆಲಸ ಮಾಡುತ್ತಲೇ ಇದ್ದಳು, ಆದರೆ ಒಂದು ಕೆಲಸಕ್ಕೂ ಇನ್ನೊಂದಕ್ಕೂ ನಡುವೆ ಸುಮ್ಮನೆ ನಿಂತುಬಿಡುತ್ತಿದ್ದಳು.

ಅದಾಗಿ ಸ್ವಲ್ಪ ದಿನಕ್ಕೆ ಊಟಕ್ಕೆ ಕುಳಿತಾಗ ಬಾಯಿಗೆ ಕಾಳು ಕಾಳಾದ ಬೇಳೆ ಸಿಕ್ಕಿತು. ಮರುದಿನವೂ ಹಾಗೇ. ಕುಕ್ಕರಿನ ರಬ್ಬರು ಹೋಗಿರಬೇಕೆಂದು ಹೊಸದು ತಂದೆ. ಮೂರನೆಯ ದಿನ ತಡೆಯಲಾರದೆ ಕೇಳಿದೆ: "ಶಾಂತಾ, ಬ್ಯಾಳಿ ಯಾಕ ಬೇಯವಲ್ದು?"

"ಬೋರಿನ ನೀರಾಗ ಎಲ್ಲೆ ಬೇಯ್ತೈತ್ರಿ?"

"ಮತ್ತ ಇಷ್ಟ ದಿನಾ ಬೆಂದೈತಲ್ಲ?"

"ಇಷ್ಟ ದಿನಾ ಪಾರಕ್ಕ ಇದ್ದಳು," ಎಂದಳು.

ನಾನು ಮಾರುಕಟ್ಟೆಗೆ ಹೋದ ಮೇಲೆ ಪಾರಕ್ಕ ತಾನು ಹಿಡಿದಿಟ್ಟುಕೊಂಡ ನಳದ ನೀರನ್ನು ಕೊಡದಲ್ಲಿ ತುಂಬಿ ಗೋಡೆಯ ಮೇಲಿಂದ ದಾಟಿಸುತ್ತಿದ್ದಳಂತೆ. ಕುಡಿಯಲು ಅದೇ, ಬೇಳೆಗೆ ಅದೇ. ಶಾಂತಾ ಬೇಡವೆಂದರೆ, "ಅಣ್ಣಾರು ಉಂಡು ಭಾಷಣಾ ಮಾಡಾಕ ಹೋಗಬೇಕಲ್ಲವಾ, ತಗೋ," ಎನ್ನುತ್ತಿದ್ದಳಂತೆ. ಅಂದರೆ ನಾನು ಚಹಾದಂಗಡಿಯಲ್ಲಿ ಸರಕಾರವನ್ನು ಧಿಕ್ಕರಿಸುತ್ತಿದ್ದಾಗಲೆಲ್ಲ ನನ್ನ ಹೊಟ್ಟೆಯಲ್ಲಿ ಸರಕಾರಿ ನೀರೇ ಇತ್ತು. ಇದು ನಗುವಂಥದ್ದೇ. ನಗಲು ಪ್ರಯತ್ನಿಸಿದೆ, ಆಗಲಿಲ್ಲ.

"ನನಗ ಒಂದ ಮಾತ ಹೇಳಬೇಕಿಲ್ಲೇನು?"

"ನಳಾ ಕಡಸೂ ಮುಂದ ನೀವು ನನಗ ಹೇಳಿದ್ರೇನು?" ಎಂದಳು. ಸಿಟ್ಟಿನಿಂದಲ್ಲ.

ಆಮೇಲೆ ಬಹಳ ಯೋಚಿಸಿದೆ. ದಿಲ್ಲಿಯವರು ನನ್ನನ್ನು ಕೇಳದೆ ಉಳ್ಳಾಗಡ್ಡಿಯ ಆಜ್ಞೆ ಹೊರಡಿಸುತ್ತಾರೆಂದು ಕೂಗುವವನು ನಾನು. ನನ್ನ ಮನೆಯಲ್ಲಿ ನೀರು ಹೊರುವವಳನ್ನು ಕೇಳದೆ ನೀರಿನ ಆಜ್ಞೆ ಹೊರಡಿಸಿದ್ದೆ. ಅದಕ್ಕಿಂತಲೂ ದೊಡ್ಡ ಪೆಟ್ಟು ಇನ್ನೊಂದು. ಕಾನೂನಿಲ್ಲದೆ, ದಂಡವಿಲ್ಲದೆ, ಯಾರ ಅಪ್ಪಣೆಯೂ ಇಲ್ಲದೆ ಜನ ತಾವಾಗಿಯೇ ಒಬ್ಬರಿಗೊಬ್ಬರು ಆಗುವ ವ್ಯವಸ್ಥೆಯನ್ನು ನಾನು ಜೀವಮಾನವಿಡೀ ಹೊಗಳುತ್ತ ಬಂದಿದ್ದೆ. ಅದು ನಮ್ಮ ಓಣಿಯಲ್ಲೇ ಇತ್ತು, ಬಾಗಿಲು ಬಡಿಯುತ್ತಿತ್ತು. ನಳ ಕಡಿಸಿ ನಾನು ಬಿಟ್ಟು ಹೊರಬಂದದ್ದು ಸರಕಾರದಿಂದಲ್ಲ, ಅದರಿಂದ.

ಮೊನ್ನೆ ಬೆಳಿಗ್ಗೆ ನೀರು ಬಂತು. ಓಣಿಯಲ್ಲಿ ಕೂಗು ಎದ್ದಿತು. ಬಾಗಿಲುಗಳನ್ನು ಒಂದೊಂದಾಗಿ ಬಡಿಯುತ್ತ ಬಂದವರು ನಮ್ಮದನ್ನು ಬಿಟ್ಟು ಮುಂದೆ ಹೋದರು. ಅವರದೇನೂ ತಪ್ಪಲ್ಲ, ನಳವಿಲ್ಲದವನ ಬಾಗಿಲು ಬಡಿದು ಏನು ಮಾಡಬೇಕು? ಶಾಂತಾ ರೂಢಿಯಂತೆ ಕೊಡ ಎತ್ತಿಕೊಂಡು ಹಿತ್ತಿಲಿಗೆ ಹೋದವಳು ಗೋಡೆಯ ಹತ್ತಿರ ನಿಂತುಬಿಟ್ಟಳು. ನಾನು ಹಿಂದೆಯೇ ಹೋಗಿ, "ನಳಾ ಮತ್ತ ಹಾಕಸೂಣೇನು? ನೀ ಹ್ಯಾಂಗ ಅಂತಿ ಹಾಂಗ," ಎಂದೆ.

"ಹಾಕಸ್ರಿ. ನಳಾ ಬರ್ತೈತಿ," ಎಂದಳು. ಆಚೆ ಬೀಗ ಬಿದ್ದ ಮನೆಯ ಕಡೆಗೆ ನೋಡಿದಳು. "ಆಕಿ ಬರಂಗಿಲ್ಲಲ್ರಿ."

ಅವಳ ಕೈಯಿಂದ ಕೊಡ ಇಸಿದುಕೊಂಡು ಎದುರುಮನೆಯ ಈರಣ್ಣನ ಅಂಗಳಕ್ಕೆ ಹೋದೆ. ಯಾರ ಹಂಗೂ ಬೇಡವೆಂದು ಬದುಕಿದವನಿಗೆ ಆ ನಾಲ್ಕು ಹೆಜ್ಜೆಯ ರಸ್ತೆ ಬಹಳ ಅಗಲವಾಗಿ ಕಂಡಿತು. "ಈರಣ್ಣ, ಒಂದ ಕೊಡ ನೀರು ಬೇಕಾಗಿತ್ತು," ಎಂದೆ. ಅವನು ಚಹಾದಂಗಡಿಯಲ್ಲಿ ನನ್ನ ಎಲ್ಲ ಭಾಷಣಗಳನ್ನೂ ಕೇಳಿದವನು. "ಅದಕ್ಕೇನ ಕೇಳ್ತೀರಿ, ಹಿಡೀರಿ," ಎಂದು ತನ್ನ ಪೈಪನ್ನೇ ನನ್ನ ಕೊಡಕ್ಕೆ ಹಾಕಿ, ನಾನು ತುಂಬಿಕೊಳ್ಳುವವರೆಗೆ ಬೇರೆ ಕಡೆ ಮುಖ ಮಾಡಿ ನಿಂತ.

ಅವತ್ತು ಬೇಳೆ ಚೆನ್ನಾಗಿ ಬೆಂದಿತ್ತು. ಶಾಂತಾ ಒಂದೆರಡು ತುತ್ತು ಉಂಡು ಕೈ ನಿಲ್ಲಿಸಿದಳು. ಉಣ್ಣು ಎನ್ನಲು ಬಾಯಿ ತೆರೆದವನು, ಅದೂ ಒಂದು ಅಪ್ಪಣೆಯೇ ಅಲ್ಲವೇ ಎನಿಸಿ, ನನ್ನ ತಾಟು ಅವಳ ಪಕ್ಕಕ್ಕೆ ಸರಿಸಿಕೊಂಡು ಕುಳಿತೆ.