ತವರಿನ ಓತಿಕ್ಯಾತ

ಐವತ್ತರ ದಶಕದ ಮಾತು. ಮದುವೆಯಾಗಿ ತೆರಕಣಾಂಬಿಗೆ ಬಂದ ಹೊಸದರಲ್ಲಿ ಒಂದು ದಿನ ಬುತ್ತಿ ಹೊತ್ತು ಗಂಡನ ಹಿಂದೆ ಹೊಲಕ್ಕೆ ಹೋಗುತ್ತಿದ್ದೆ. ಕಳ್ಳಿ ಬೇಲಿಯ ಮೇಲೆ ಕೆಂಪು ಗಂಟಲಿನ ಗಂಡು ಓತಿಕ್ಯಾತವೊಂದು ತಲೆಯಾಡಿಸುತ್ತಿತ್ತು. ನನ್ನ ಕಾಲು ತಾನಾಗಿ ನಿಂತಿತು.

"ಇದು ತಲೆ ಆಡ್ಸೋದು ನಮ್ಮೂರಿನಂಗಿಲ್ಲ ಕಣ್ರೀ," ಅಂದೆ.

ಅವರು ತಿರುಗಿ ನೋಡಿ ನಕ್ಕುಬಿಟ್ಟರು. "ಓತಿಕ್ಯಾತದಲ್ಲೂ ನಿಮ್ಮೂರು ನಮ್ಮೂರು ಅಂತ ಐತಾ? ನಡಿ ನಡಿ, ಬಿಸ್ಲು ಏರ್ತಾ ಐತೆ."

ನಾನು ಬಾಯಿಗೆ ಬಂದಂತೆ ಹೇಳಿದ್ದಲ್ಲ. ಹರವೆಯಲ್ಲಿ ಅಪ್ಪನ ಹೊಲ ಬಟ್ಟಬಯಲು. ಬೇಲಿಯಿಲ್ಲ, ಅಲ್ಲಲ್ಲಿ ಕಲ್ಲುಗುಂಡು. ಜೋಳ ತೆನೆಗಟ್ಟಿದಾಗ ಹಕ್ಕಿ ಓಡಿಸಲು ನನ್ನನ್ನೇ ಕೂರಿಸುತ್ತಿದ್ದರು. ಹಕ್ಕಿ ಬಾರದ ಹೊತ್ತಿನಲ್ಲೆಲ್ಲ ನನಗೆ ಓತಿಕ್ಯಾತಗಳೇ ಗೆಳೆಯರು. ಅಲ್ಲಿನ ಗಂಡು ಕಲ್ಲಿನ ನೆತ್ತಿಗೇರಿ, ಮುಂಗಾಲು ಊರಿ, ದಂಡ ಹೊಡೆಯುವ ಪೈಲ್ವಾನನಂತೆ ಇಡೀ ಮೈಯನ್ನು ನಿಧಾನವಾಗಿ ಎತ್ತಿ ಇಳಿಸುತ್ತಿತ್ತು. ಎದುರು ಕಲ್ಲಿನ ಗಂಡು ಅದಕ್ಕೆ ಹಾಗೆಯೇ ಉತ್ತರ ಕೊಡುತ್ತಿತ್ತು. ತೆರಕಣಾಂಬಿಯದು ತಲೆಯನ್ನಷ್ಟೇ ಪಟಪಟ ಆಡಿಸಿ ಗಂಟಲು ಉಬ್ಬಿಸುತ್ತಿತ್ತು.

ಮನೆಯಲ್ಲಿ ನನ್ನ ಗಂಡ ಇದನ್ನು ಹೇಳಿದ್ದೇ ತಡ, ಒಲೆ ಮುಂದಿದ್ದ ಅತ್ತೆ, "ತವರಿನ ನೀರು ರುಚಿ, ಮಜ್ಜಿಗೆ ರುಚಿ ಅನ್ನೋರ ಕಂಡಿವ್ನಿ. ತವರಿನ ಓತಿಕ್ಯಾತನೂ ಎಚ್ಚು ಅನ್ನೋಳ ಇವತ್ತೇ ಕಂಡದ್ದು ಕಣಪ್ಪ!" ಎಂದರು. ಮನೆಯೆಲ್ಲ ನಕ್ಕಿತು. ನಾನೂ ನಕ್ಕೆ. ಮಾತು ಮಾತ್ರ ಬಿಟ್ಟುಕೊಡಲಿಲ್ಲ.

"ಎಚ್ಚು ಅನ್ನಲಿಲ್ಲ ಅತ್ತೆ, ಬ್ಯಾರೆ ಅಂದೆ."

ಆಮೇಲೆ ಹೊಲಕ್ಕೆ ಹೋದಾಗಲೆಲ್ಲ ದಾರಿಯ ಬೇಲಿಗಳನ್ನು ನೋಡಿದೆ. ಎಲ್ಲೆಲ್ಲೂ ಅದೇ ಪಟಪಟ.

ಮುಂಗಾರು ಶುರುವಾದ ಮೇಲೆ ನಾವಿಬ್ಬರೂ ಹರವೆಗೆ ಹೋದೆವು. ಚಾಮರಾಜನಗರದವರೆಗೆ ಬಸ್ಸು, ಅಲ್ಲಿಂದ ಅಪ್ಪನ ಎತ್ತಿನ ಗಾಡಿ. ಮಾರನೆಯ ಬೆಳಿಗ್ಗೆ ಅವರನ್ನು ಹೊಲಕ್ಕೆ ಕರೆದೊಯ್ದು ಬದುವಿನ ಮೇಲೆ ಕೂರಿಸಿ, "ಅಲ್ಲಾಡಬ್ಯಾಡಿ," ಅಂದೆ. ಗಂಡನಿಗೆ ನಾನು ಕೊಟ್ಟ ಮೊದಲ ಅಪ್ಪಣೆ ಅದೇ ಇರಬೇಕು. ಅವರು ಬೇಸರಪಟ್ಟು ಏಳುವಷ್ಟರಲ್ಲಿ ಒಂದು ಗಂಡು ಕಲ್ಲಿಗೇರಿ, ನಿಧಾನವಾಗಿ ಮೈಯೆತ್ತಿ ಇಳಿಸಿತು. ದೂರದ ಕಲ್ಲಿನ ಮೇಲೆ ಇನ್ನೊಂದು ಹಾಗೆಯೇ ಮಾಡಿತು. ನನ್ನ ಗಂಡ ಮತ್ತೆ ಕೂತರು. ಅವ್ವ ಊಟಕ್ಕೆ ಕರೆದರೂ ಏಳಲಿಲ್ಲ.

"ಎರಡೂ ಒಂದೇ ಜಾತಿ. ಇಂಗ್ಯಾಕಮ್ಮಿ?" ಎಂದು ಕೇಳಿದರು.

ಅದನ್ನೂ ನಾನು ಯೋಚಿಸಿದ್ದೆ. "ಬೇಲೀಲಿ ಗಾಳಿಗೆ ಎಲೆ ಅಳ್ಳಾಡ್ತವೆ. ಮೆಲ್ಲಗೆ ಆಡ್ಸಿದ್ರೆ ಯಾರ್ಗೆ ಕಾಣ್ತದೆ? ಇಲ್ಲಿ ಬಯಲು, ಅವಸರ ಇಲ್ಲ. ನಂಗೆ ಅಂಗನ್ನಿಸ್ತದೆ."

ಅವರು ನನ್ನನ್ನು ನೋಡಿದ ರೀತಿ ಇಂದಿಗೂ ಕಣ್ಣಿಗೆ ಕಟ್ಟಿದೆ. ಮದುವೆಯಲ್ಲೂ ಹಾಗೆ ನೋಡಿರಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಪಕ್ಕದವರಿಗೆಲ್ಲ, "ನಮ್ಮನೆಯವಳು ಕಂಡಿದ್ದು," ಎಂದು ಹೇಳುತ್ತ ಬಂದರು. ನಾನು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರೂ ಒಂದೊಂದು ಮಾತನ್ನೂ ಕೇಳಿಸಿಕೊಂಡೆ.

ಮನೆಗೆ ಬಂದು ಅತ್ತೆಗೂ ಎಲ್ಲ ಹೇಳಿದರು. ಕೆಲವು ದಿನ ಕಳೆದು ನಾನು ನೀರು ತರುತ್ತಿದ್ದಾಗ, ಹಿತ್ತಲಿನ ಬೇಲಿಯ ಬಳಿ ಅತ್ತೆ ಪಕ್ಕದ ಮನೆಯಾಕೆಯ ಕೈ ಹಿಡಿದು ನಿಂತಿದ್ದರು.

"ಸದ್ದು ಮಾಡಬ್ಯಾಡ ಕಣಮ್ಮಿ, ಅಲ್ಲೋಡು. ನಮ್ ಸೊಸೆ ಊರಲ್ಲಿ ಇದು ಬ್ಯಾರೆ ತರ ಆಡ್ತದೆ. ನಮಗ್ಯಾರ್ಗೂ ತಿಳೀದು, ಅವಳೇ ಕಂಡುಹಿಡ್ದವಳು."

ಕೊಡ ಇಳಿಸಿ, ಸೆರಗು ಸರಿಮಾಡಿಕೊಂಡು, ನಾನೂ ಹೋಗಿ ಅವರ ಪಕ್ಕದಲ್ಲಿ ನಿಂತೆ.