ಒಡೆದ ಮಗ್ಗ ಯಾರದು?

ಜಮಖಂಡಿಯ ಒಂದು ಬ್ಯಾಂಕಿನಲ್ಲಿ ನಾನು ಗುಮಾಸ್ತ. ರಬಕವಿಯಲ್ಲಿರುವ ನನ್ನ ಅಕ್ಕ ಇನ್ನೊಬ್ಬರ ಶೆಡ್ಡಿನಲ್ಲಿ ಪಾವರಲೂಮ್ ನಡೆಸಿಯೇ ಮಕ್ಕಳನ್ನು ದಡ ಸೇರಿಸಿದವಳು. ಕಳೆದ ವರ್ಷ ಅವಳಿಗೆ ಸ್ವಂತದ್ದೊಂದು ಮಗ್ಗ ಬೇಕೆನಿಸಿತು. ನಾನು ಉಬ್ಬಿಹೋದೆ. ನಮ್ಮ ಬ್ಯಾಂಕಿನಿಂದ ಸಾಲ ಕೊಡಿಸುವುದು ನನಗೆ ನೀರು ಕುಡಿದಷ್ಟು ಸುಲಭ.

"ಬಡ್ಡಿ ರೊಕ್ಕ ಬ್ಯಾಡಪಾ, ನಮ್ಮ ಧರ್ಮದಾಗ ಅದು ಹರಾಮು," ಎಂದಳು.

ನನ್ನ ತಲೆ ಕೆಟ್ಟಿತು. "ಆಪಾ, ನನ್ನ ಪಗಾರ ಎಲ್ಲಿಂದ ಬರತೈತಿ ಅಂತ ತಿಳದಿ? ಬಡ್ಡಿಯಿಂದನ. ಹಂಗಾರ ನಮ್ಮ ಮನ್ಯಾಗ ಹೆಂಗ ಉಣ್ತಿ?"

ಅವಳು ಹೊತ್ತಾಯಿತೆಂದು ಶೆಡ್ಡಿಗೆ ಹೊರಟುಬಿಟ್ಟಳು. ಅದೇ ನನ್ನನ್ನು ಕೊರೆಯತೊಡಗಿತು. ಮಗ್ಗದ ಮಾತು ಹಾಗಿರಲಿ, ನಾನು ದುಡಿದ ಅನ್ನ ಅವಳಿಗೆ ಸಲ್ಲುತ್ತದೋ ಇಲ್ಲವೋ?

ಬನಹಟ್ಟಿಯಲ್ಲಿ ನಮ್ಮವರೇ ಕೆಲವರು ಸೇರಿ ಬಡ್ಡಿಯಿಲ್ಲದ ಸೊಸೈಟಿಯೊಂದನ್ನು ನಡೆಸುತ್ತಾರೆ. ಅಲ್ಲಿಗೆ ಕರೆದುಕೊಂಡು ಹೋಗೆಂದಳು. ಹೋದೆ, ಹುಳುಕು ಹುಡುಕಲಿಕ್ಕೆ. ಅಲ್ಲಿನ ಹಿರಿಯರೊಬ್ಬರು ತಾಳ್ಮೆಯಿಂದ ವಿವರಿಸಿದರು. ಅವರು ಸಾಲವೆಂದು ರೊಕ್ಕ ಕೊಡುವುದಿಲ್ಲ. ಮಗ್ಗವನ್ನು ಸೊಸೈಟಿಯೇ ಮೊದಲು ಕೊಳ್ಳುತ್ತದೆ. ಆಮೇಲೆ ಕೊಂಡ ಬೆಲೆ ಇಷ್ಟು, ನಮ್ಮ ಲಾಭ ಇಷ್ಟು ಎಂದು ಬಾಯಿಬಿಟ್ಟು ಹೇಳಿ ಅಕ್ಕನಿಗೆ ಮಾರುತ್ತದೆ. ಅವಳು ಕಂತಿನಲ್ಲಿ ತೀರಿಸಬೇಕು.

"ಇದೂ ಬಡ್ಡಿನ ಅಲ್ಲೇನ್ರೀ? ಹೆಸರು ಬ್ಯಾರೆ, ಅಷ್ಟ," ಎಂದೆ.

"ಅಲ್ರೀ. ಕಂತು ತಡಾ ಆದ್ರೂ ಬೆಲಿ ಏರೂದಿಲ್ಲ. ಮತ್ತ, ಮಾರೂತನಕಾ ಮಗ್ಗ ನಮ್ದು. ಏನರ ಆದ್ರ ಹಾನಿನೂ ನಮ್ದ."

ಬಾಯಿಮಾತಿಗೇನು, ಯಾರು ಬೇಕಾದರೂ ಹೇಳುತ್ತಾರೆ ಎಂದುಕೊಂಡೆ.

ಇಚಲಕರಂಜಿಯಲ್ಲಿ ಹಳೆಯ ಮಗ್ಗವೊಂದನ್ನು ಸೊಸೈಟಿಯವರು ಕೊಂಡರು. ಅಕ್ಕನ ಮನೆಯ ಮುಂದೆ ಟೆಂಪೋದಿಂದ ಇಳಿಸುವಾಗ ಹಗ್ಗ ಜಾರಿತು. ಬೀಡುಕಬ್ಬಿಣದ ಚೌಕಟ್ಟು ನೆಲಕ್ಕೆ ಬಡಿದು ಬಿರುಕುಬಿಟ್ಟಿತು. ಅಕ್ಕ ಇನ್ನು ಕೆಲಸಕ್ಕೆ ಬರುವುದಿಲ್ಲವೆಂದು ಶೆಡ್ಡಿನ ಮಾಲೀಕರಿಗೆ ಆಗಲೇ ಹೇಳಿ ಬಂದಿದ್ದಳು.

"ನನ್ನ ಮನಿ ಮುಂದ ಒಡದೈತಿ, ನಾನ ತುಂಬಿ ಕೊಡ್ತೇನ್ರೀ," ಎಂದು ಅಳತೊಡಗಿದಳು.

ಟೆಂಪೋದ ಜೊತೆ ಬಂದಿದ್ದ ಸೊಸೈಟಿಯ ಹಿರಿಯರು ಬಿರುಕಿನ ಮೇಲೆ ಕೈಯಾಡಿಸಿದರು. ಅವರ ಮುಖವೂ ಸಪ್ಪಗಾಗಿತ್ತು. "ನಿನ್ನ ಮನಿ ಮುಂದ ಒಡದ್ರ ನಿಂದು ಹೆಂಗ ಆಕ್ಕೈತಿ ಬೇಟಿ? ನಾವು ಇನ್ನೂ ಮಾರಿಲ್ಲ, ನೀ ಇನ್ನೂ ಕೊಂಡಿಲ್ಲ."

ಒಡೆದದ್ದನ್ನು ಅದೇ ಟೆಂಪೋಗೆ ಹೇರಿಸಿಕೊಂಡು ಹೋದರು. ಸ್ವಲ್ಪ ದಿನಕ್ಕೆ ಬೇರೆ ಮಗ್ಗ ಬಂತು, ನೆಟ್ಟಗೆ ಒಳಗಿಳಿಯಿತು, ಆಮೇಲೆಯೇ ವ್ಯಾಪಾರ ಕುದುರಿತು. ಹಿಂದಿನದರ ಹಾನಿಯ ಒಂದು ಪೈಸೆಯನ್ನೂ ಇದರ ಬೆಲೆಗೆ ಸೇರಿಸಲಿಲ್ಲ. ನಮ್ಮ ಬ್ಯಾಂಕಿನಲ್ಲಾದರೆ ಮಗ್ಗ ಒಡೆದರೂ ಕಂತು ನಿಲ್ಲುವುದಿಲ್ಲ. ತಪ್ಪಿದರೆ ನೋಟೀಸು ಹೋಗುತ್ತದೆ, ಅದನ್ನು ಟೈಪು ಮಾಡುವವನು ನಾನೇ.

ಮಗ್ಗ ಶುರುವಾದ ದಿನ ತಡೆಯಲಾಗದೆ ಕೇಳಿಯೇಬಿಟ್ಟೆ. "ಖರೆ ಹೇಳು ಆಪಾ. ನಮ್ಮ ಮನ್ಯಾಗ ಉಂಡದ್ದು ನಿನಗ ಮೈಗಿ ಹತ್ತತೈತೇನು?"

ಅವಳು ಮಗ್ಗ ನಿಲ್ಲಿಸಿದಳು. "ಉಂಡು ಬಂದ ಮ್ಯಾಗ ಅಷ್ಟರ ರೊಕ್ಕ ಯಾರಿಗರ ಇಲ್ಲದವರಿಗಿ ಕೊಟ್ಟಬಿಡ್ತೇನಿ. ಬಡ್ಡಿ ಬಿಡಬಹುದು, ನಿನ್ನ ಬಿಡಾಕ ಬರತೈತೇನು?"

ನನಗೆ ಸಿಟ್ಟೂ ಬಂತು, ಅಳುವೂ ಬಂತು. ಇಷ್ಟು ವರ್ಷ ನನ್ನ ಮನೆಯ ಒಂದೊಂದು ಊಟಕ್ಕೂ ಅವಳು ತನ್ನ ಕೂಲಿಯಿಂದ ಬೆಲೆ ತೆತ್ತಿದ್ದಳು.

ಮುಂದಿನ ಶುಕ್ರವಾರ ಊಟಕ್ಕೆ ಬಂದಳು. ಆಮೇಲೆ ಕೊಡುವ ರೊಕ್ಕ ಅವಳಿಗೆ ಭಾರವಾಗದಿರಲೆಂದು ನಾನು ಒಂದೇ ರೊಟ್ಟಿ ಬಡಿಸಿ ಸುಮ್ಮನಾದೆ. ಅದನ್ನು ತಿಂದು ಮುಗಿಸಿ, ತಟ್ಟೆಯನ್ನು ನನ್ನ ಮುಂದೆ ಹಿಡಿದಳು.

"ಇನ್ನೊಂದು ಹಾಕೋ, ಕಂಜೂಸ," ಎಂದಳು.